ಕೇಸು ಮುಗಿದವರಿಗೆ ಕೆಲಸ: ಮೊಬೈಲಿನಿಂದ ಆಗುವ ಸಹಾಯ

ಯಾದಗಿರಿ, ಶಹಾಪುರ, ಸುರಪುರದಿಂದ ವಿದ್ಯಾರ್ಥಿವೇತನ ಕೇಳಿ ಬರುವ ಮಕ್ಕಳ ಮನೆಗಳಲ್ಲಿ ಕೆಲವೊಮ್ಮೆ ಇನ್ನೊಂದು ಕಷ್ಟವೂ ಇರುತ್ತದೆ. ತಂದೆಯ ಮೇಲೋ ಅಣ್ಣನ ಮೇಲೋ ಹಳೆಯ ಕೇಸು ಇದ್ದು, ಅದರಿಂದ ಕೆಲಸ ಸಿಗದೆ ಇರುತ್ತದೆ. ಮನೆಯಲ್ಲಿ ದುಡಿಮೆ ನಿಂತರೆ ಮಕ್ಕಳ ಓದೂ ನಿಲ್ಲುತ್ತದೆ. ಆದ್ದರಿಂದ ಈ ವರ್ಷದ ಪಾಠಕ್ಕೆ ಈ ವಿಷಯ ಆರಿಸಿದ್ದೇವೆ.

1. ಕೇಸಿನ ಸ್ಥಿತಿ ತಿಳಿಯಿರಿ. ಆರೋಪ ಬೇರೆ, ಶಿಕ್ಷೆ ಬೇರೆ, ಖುಲಾಸೆ ಬೇರೆ. ಎಷ್ಟೋ ಜನರಿಗೆ ತಮ್ಮ ಕೇಸು ಏನಾಯಿತೆಂಬುದೇ ಗೊತ್ತಿರುವುದಿಲ್ಲ. ಉಚಿತವಾದ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಸಿಎನ್‌ಆರ್ ಸಂಖ್ಯೆ, ಎಫ್‌ಐಆರ್ ಸಂಖ್ಯೆ ಅಥವಾ ಹೆಸರು ಹಾಕಿ ನೋಡಬಹುದು.

2. ಕಾಗದ ಕೈಯಲ್ಲಿರಲಿ. ಮೊಬೈಲಿನಲ್ಲಿ ಕಂಡದ್ದು ತಿಳಿವಳಿಕೆಗೆ ಮಾತ್ರ. ಖುಲಾಸೆಯಾಗಿದ್ದರೆ ನ್ಯಾಯಾಲಯದಿಂದ ತೀರ್ಪಿನ ದೃಢೀಕೃತ ನಕಲು ಪಡೆಯಿರಿ. ಕೆಲಸ ಕೊಡುವವರು ಪೊಲೀಸ್ ಪರಿಶೀಲನಾ ಪ್ರಮಾಣಪತ್ರ ಕೇಳಿದರೆ ಸೇವಾ ಸಿಂಧು ಮೂಲಕ ಅರ್ಜಿ ಹಾಕಿರಿ.

3. ಮುಚ್ಚಿಡಬೇಡಿ. ಅರ್ಜಿಯಲ್ಲಿ ಕೇಸಿನ ಬಗ್ಗೆ ಕೇಳಿದ್ದರೆ ನಿಜವನ್ನೇ ಬರೆಯಿರಿ. ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2016ರಲ್ಲಿ ಇದನ್ನು ವಿವರಿಸಿದೆ. ನಿಜ ಹೇಳಿದ ಮಾತ್ರಕ್ಕೆ ನೌಕರಿ ಕೊಡಲೇಬೇಕೆಂದಿಲ್ಲ. ಆದರೆ ಮುಚ್ಚಿಟ್ಟರೆ ಸಿಕ್ಕ ನೌಕರಿಯೂ ಹೋಗಬಹುದು. ಕೇಸು ಎಷ್ಟು ಸಣ್ಣದು, ಅದು ಹೇಗೆ ಮುಗಿಯಿತು ಎಂಬುದನ್ನೂ ನೌಕರಿ ಕೊಡುವವರು ನೋಡಬೇಕಾಗುತ್ತದೆ.

4. ಚಿಕ್ಕ ವಯಸ್ಸಿನ ತಪ್ಪು. 18 ತುಂಬುವ ಮೊದಲು ಮಾಡಿದ ತಪ್ಪಿಗೆ ಬಾಲನ್ಯಾಯ ಕಾಯ್ದೆ, 2015ರ ಅಡಿ ಕ್ರಮವಾಗಿದ್ದರೆ ಅದರಿಂದ ಅನರ್ಹತೆ ಅಂಟುವುದಿಲ್ಲ. 16 ದಾಟಿದವರ ಘೋರ ಅಪರಾಧಗಳಿಗೆ ಮಾತ್ರ ಬೇರೆ ನಿಯಮವಿದೆ. ಮುಗಿದ ಕೇಸಿನ ದಾಖಲೆಯನ್ನು ನಡತೆ ಪ್ರಮಾಣಪತ್ರಕ್ಕಾಗಿ ಪೊಲೀಸರು ಹೊರಗೆ ಕೊಡುವಂತಿಲ್ಲ.

5. ಕೆಲಸ ಹುಡುಕಿರಿ. 2015ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ನ್ಯಾಷನಲ್ ಕೆರಿಯರ್ ಸರ್ವಿಸ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಲು ಹಣ ಕೊಡಬೇಕಿಲ್ಲ. ವೆಲ್ಡಿಂಗ್, ವೈರಿಂಗ್, ಹೊಲಿಗೆ, ಡ್ರೈವಿಂಗ್ ಬಲ್ಲವರು ತಾವು ಮಾಡಿದ ಕೆಲಸದ ಫೋಟೊಗಳನ್ನು ಮೊಬೈಲಿನಲ್ಲಿ ಜೋಡಿಸಿಟ್ಟುಕೊಂಡರೆ ಕೆಲಸ ಕೊಡುವವರಿಗೆ ತೋರಿಸಲು ಅನುಕೂಲ.

ಕಾನೂನು ಸಲಹೆ ಬೇಕಾದವರು ಕಾನೂನು ಸೇವಾ ಪ್ರಾಧಿಕಾರದ 15100 ಸಹಾಯವಾಣಿಗೆ ಕರೆ ಮಾಡಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಬಂಧನದಲ್ಲಿರುವವರಿಗೆ, ಆದಾಯ ಕಡಿಮೆ ಇರುವವರಿಗೆ ವಕೀಲರ ನೆರವೂ ಉಚಿತ.

ವಿದ್ಯಾರ್ಥಿವೇತನದ ಬಗ್ಗೆ ಒಂದು ಸೂಚನೆ: ಮನೆಯವರ ಮೇಲೆ ಕೇಸು ಇದೆಯೆಂಬ ಕಾರಣಕ್ಕೆ ನಾವು ಯಾವ ಮಗುವಿನ ಅರ್ಜಿಯನ್ನೂ ಬದಿಗಿಡುವುದಿಲ್ಲ. ಓದಿದ ಮಕ್ಕಳು ಈ ಪಾಠವನ್ನು ಮನೆಯಲ್ಲಿ ಹಿರಿಯರಿಗೆ ಓದಿ ಹೇಳಬೇಕೆಂದು ವಿನಂತಿ. ಆ್ಯಪ್ ತೆರೆದು ಕೇಸು ಹುಡುಕಿಕೊಡುವುದು ಅವರಿಂದ ಆಗುವ ದೊಡ್ಡ ಖಿದ್ಮತ್.