ಗಿಡಮೂಲಿಕೆ ಚಹಾದ ಜೇನುಮದ್ಯ: ತಯಾರಿಕೆ ಮತ್ತು ಲೆಕ್ಕ

ಜೇನನ್ನು ನೀರಿನಲ್ಲಿ ಕದಡಿ ಹುದುಗಿಸಿದಾಗ ದೊರೆಯುವ ಮದ್ಯಕ್ಕೆ ಮೀಡ್ ಎಂದು ಹೆಸರು. ಗಿಡಮೂಲಿಕೆ ಸೇರಿದ ಬಗೆಯನ್ನು ವೇಲ್ಸ್ ಭಾಷೆಯ ಮೂಲದಿಂದ ಬಂದ ಮೆಥೆಗ್ಲಿನ್ ಎಂಬ ಪದದಿಂದ ಕರೆಯುತ್ತಾರೆ. ಭಾರತದಲ್ಲಿಯೂ ಪುಣೆಯ ಮೂನ್‌ಶೈನ್ ಮೀಡರಿಯಂತಹ ಸಂಸ್ಥೆಗಳು ಮೀಡನ್ನು ಮಾರುಕಟ್ಟೆಗೆ ತಂದಿವೆ. ಜೇನು ವರ್ತಕನಿಗೆ ಇದು ಮೌಲ್ಯವರ್ಧನೆಯ ಸುಲಭ ಹಾದಿಯಾಗಿ ಕಂಡೀತು. ಆದರೆ ಜೇನು ಮದ್ಯವಾದ ಕ್ಷಣದಿಂದ ಅದರ ತೆರಿಗೆಯ ಲೆಕ್ಕವೇ ಬೇರೆ.

ವಿಧಾನ ಸರಳವಾದುದು. ತುಳಸಿ, ಶುಂಠಿ, ನಿಂಬೆಹುಲ್ಲುಗಳ ಚಹಾ ಕುದಿಸಿ, ಸೋಸಿ, 30 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಆರಿಸಿ, ನೀರಿಗೆ ಬದಲಾಗಿ ಅದರಲ್ಲಿಯೇ ಜೇನನ್ನು ಕರಗಿಸಿ ಯೀಸ್ಟ್ ಬೆರೆಸಬೇಕು. ಬಿಸಿ ಕಷಾಯದಲ್ಲಿ ಯೀಸ್ಟ್ ಸಾಯುತ್ತದೆ. ಜೇನಿನಲ್ಲಿ ಸುಮಾರು ಶೇ. 80ರಷ್ಟು ಸಕ್ಕರೆಯಿದ್ದರೂ ಯೀಸ್ಟ್‌ಗೆ ಬೇಕಾದ ಸಾರಜನಕ ಅತ್ಯಲ್ಪ; ಪೋಷಕಾಂಶ ಸೇರಿಸದಿದ್ದರೆ ಹುದುಗುವಿಕೆ ನಡುವೆಯೇ ನಿಲ್ಲಬಹುದು. ಪಾತ್ರೆಯ ಬಾಯಿಯಿಂದ ಅನಿಲ ಹೊರಹೋಗಬೇಕು, ಗಾಳಿ ಒಳಬರಬಾರದು.

ಕಷ್ಟವಿರುವುದು ಕಾಲದಲ್ಲಿ. ಪೋಲೆಂಡಿನ ಸಾಂಪ್ರದಾಯಿಕ ಜೇನುಮದ್ಯಗಳನ್ನು ಐರೋಪ್ಯ ಒಕ್ಕೂಟವು 2008ರಲ್ಲಿ ನೋಂದಾಯಿಸಿತು. ಅವುಗಳಲ್ಲಿ ಒಂದು ಪಾಲು ಜೇನಿಗೆ ಎರಡು ಪಾಲು ನೀರು ಬೆರೆಸಿದ ತ್ರುಯ್ನ್ಯಾಕ್ ಕನಿಷ್ಠ ಒಂದು ವರ್ಷ ಮಾಗಬೇಕು. ಅರ್ಧ ಪಾಲು ನೀರಿನ ಪುವ್ತೊರಾಕ್‌ಗೆ ಮೂರು ವರ್ಷ. ಅಷ್ಟು ಕಾಲ ಬಂಡವಾಳ ಪೀಪಾಯಿಯಲ್ಲಿಯೇ ಮಲಗಿರುತ್ತದೆ.

ಇನ್ನು ಕಾನೂನು. ಕರ್ನಾಟಕ ಅಬಕಾರಿ ಅಧಿನಿಯಮ, 1965ರ ಪ್ರಕಾರ ಸನ್ನದಿಲ್ಲದೆ ಮದ್ಯ ತಯಾರಿಸುವಂತಿಲ್ಲ. ನಿಷೇಧ ಮಾರಾಟಕ್ಕಷ್ಟೇ ಅಲ್ಲ, ತಯಾರಿಕೆಗೂ ಅನ್ವಯಿಸುತ್ತದೆ. ಮನೆಯ ಭರಣಿಯೆಂಬ ಸಮಾಧಾನ ಸಾಲದು. ಸನ್ನದು ದೊರೆತ ಬಳಿಕವೂ, ಸಂವಿಧಾನದ 366(12ಎ) ವಿಧಿಯಂತೆ ಮಾನವ ಸೇವನೆಯ ಮದ್ಯವು ಸರಕು ಮತ್ತು ಸೇವಾ ತೆರಿಗೆಯ ಹೊರಗಿದೆ. ಇದನ್ನು ರಿಯಾಯಿತಿಯೆಂದು ಭಾವಿಸುವವರುಂಟು. ವಾಸ್ತವದಲ್ಲಿ ಮದ್ಯದ ಮೇಲೆ ರಾಜ್ಯದ ಸುಂಕವಂತೂ ಇದೆ. ಜೊತೆಗೆ ಖರೀದಿಯ ಮೇಲೆ ತೆತ್ತ ತೆರಿಗೆಗೆ ಇನ್‌ಪುಟ್ ಜಮೆ ದೊರೆಯುವುದಿಲ್ಲ.

ಕಲ್ಪಿತ ಬೆಲೆಗಳ ಒಂದು ಉದಾಹರಣೆ ನೋಡಬಹುದು. ತ್ರುಯ್ನ್ಯಾಕ್ ಪ್ರಮಾಣದಲ್ಲಿ 100 ಲೀಟರ್‌ಗೆ ಸುಮಾರು 47 ಕಿಲೋ ಜೇನು ಬೇಕು. ಸಾಕಣೆದಾರರಿಂದ ಬಿಡಿಯಾಗಿ ಕಿಲೋಗೆ 400 ರೂ.ನಂತೆ ಕೊಂಡರೆ 18,800 ರೂ.; ಬಿಡಿ ಜೇನಿಗೆ ತೆರಿಗೆಯಿಲ್ಲ. ಈ ಹಣ ಶೇ. 12ರ ಬಡ್ಡಿಯ ಸಾಲವಾದರೆ ವರ್ಷಕ್ಕೆ 2,256 ರೂ. ಗಷ್ಟದಲ್ಲಿ 10 ಲೀಟರ್ ಕಳೆದರೆ 750 ಮಿ.ಲೀ.ನ 120 ಸೀಸೆಗಳು ತುಂಬುತ್ತವೆ. ಗಾಜಿನ ಸೀಸೆ 40 ರೂ.ನಂತೆ 4,800 ರೂ., ಅದರ ಮೇಲೆ ಶೇ. 18ರ ತೆರಿಗೆ 864 ರೂ. ಬಡ್ಡಿ ಮತ್ತು ಮರಳಿ ಬಾರದ ತೆರಿಗೆ ಸೇರಿ 3,120 ರೂ., ಅಂದರೆ ಸೀಸೆಗೆ 26 ರೂ. ಮೂಲಿಕೆ, ಕೂಲಿ, ಸನ್ನದು ಶುಲ್ಕ, ಅಬಕಾರಿ ಸುಂಕಗಳು ಇದಕ್ಕೆ ಹೊರತು.

ಈ 864 ರೂ.ಗಳನ್ನು ತೆರಿಗೆ ಬಾಬ್ತಿನಲ್ಲಿ ಬರಬೇಕಾದ ಮೊತ್ತವೆಂದು ತೋರಿಸುವುದು ತಪ್ಪು. ಲೆಕ್ಕಪತ್ರ ಮಾನದಂಡ 2ರಂತೆ ಮರಳಿ ದೊರೆಯದ ತೆರಿಗೆಯು ದಾಸ್ತಾನಿನ ವೆಚ್ಚಕ್ಕೆ ಸೇರಬೇಕು. ಮಾರಾಟಯೋಗ್ಯವಾಗಲು ದೀರ್ಘಕಾಲ ಬೇಕಾದ ದಾಸ್ತಾನಿಗೆ ಮಾನದಂಡ 16ರ ಅಡಿಯಲ್ಲಿ ಸಾಲದ ಬಡ್ಡಿಯನ್ನೂ ಸೇರಿಸಲು ಅವಕಾಶವಿದೆ.

ಒಂದೇ ನೋಂದಣಿಯಲ್ಲಿ ಸೀಸೆಜೇನನ್ನೂ ಜೇನುಮದ್ಯವನ್ನೂ ಮಾರುವ ವರ್ತಕನು ಬಾಡಿಗೆ, ಲೆಕ್ಕಪರಿಶೋಧನೆ ಮುಂತಾದ ಸಮಾನ ವೆಚ್ಚಗಳ ಜಮೆಯಲ್ಲಿ ಮದ್ಯದ ವಹಿವಾಟಿನ ಪಾಲನ್ನು ನಿಯಮ 42ರಂತೆ ಪ್ರತಿ ತಿಂಗಳೂ ಹಿಂತಿರುಗಿಸಬೇಕು. ಆದುದರಿಂದ ಎರಡಕ್ಕೂ ಖರೀದಿ ಪುಸ್ತಕಗಳನ್ನು ಮೊದಲ ದಿನದಿಂದಲೇ ಬೇರೆಬೇರೆಯಾಗಿ ಇಡತಕ್ಕದ್ದು.