ಬಾಡಿಗೆಯೂ ನಗರಕ್ಕೆ, ತೆರಿಗೆಯೂ ನಗರಕ್ಕೆ: ಎರಡು ಪುಸ್ತಕಗಳನ್ನು ತಾಳೆ ನೋಡುವ ಪಾಠ



ಅಕೌಂಟೆನ್ಸಿ ತರಗತಿಯಲ್ಲಿ ನಾವು ಬ್ಯಾಂಕ್ ರಿಕನ್ಸಿಲಿಯೇಷನ್ ಸ್ಟೇಟ್‌ಮೆಂಟ್ ಕಲಿತಿದ್ದೇವೆ. ಕ್ಯಾಶ್ ಬುಕ್ ಒಂದು ಮೊತ್ತ ಹೇಳುತ್ತದೆ, ಪಾಸ್ ಬುಕ್ ಇನ್ನೊಂದು ಹೇಳುತ್ತದೆ. ಎರಡನ್ನೂ ಪಕ್ಕದಲ್ಲಿಟ್ಟು ವ್ಯತ್ಯಾಸ ಎಲ್ಲಿಂದ ಬಂತೆಂದು ಹುಡುಕುತ್ತೇವೆ. ಒಂದು ದೊಡ್ಡ ನಗರವೂ ಇದೇ ಕೆಲಸ ಮಾಡಬೇಕಾಗುತ್ತದೆ. ಅಮೆರಿಕದ ನ್ಯೂಯಾರ್ಕ್ ನಗರದ ವಾಣಿಜ್ಯ ಬಾಡಿಗೆ ತೆರಿಗೆ ಇದಕ್ಕೆ ಒಳ್ಳೆಯ ಉದಾಹರಣೆ.

ತೆರಿಗೆ ಹೇಗಿದೆ?

ಈ ತೆರಿಗೆ 1963ರಲ್ಲಿ ಬಂತು. ಇದನ್ನು ಕಟ್ಟುವವರು ಕಟ್ಟಡದ ಮಾಲೀಕರಲ್ಲ, ಅಲ್ಲಿ ವ್ಯಾಪಾರ ಮಾಡುವ ಬಾಡಿಗೆದಾರರು. ನಮ್ಮ ಮನೆಯಲ್ಲಿ ಉರ್ದುವಿನಲ್ಲಿ ‘ಕಿರಾಯಾ’ ಎನ್ನುತ್ತೇವಲ್ಲ, ಆ ಬಾಡಿಗೆಯ ಮೇಲೆಯೇ ತೆರಿಗೆ. 1995ರಲ್ಲಿ ನಗರದ ಉಳಿದ ಭಾಗಗಳಿಗೆ ವಿನಾಯಿತಿ ಸಿಕ್ಕಿತು. ಈಗ ಮ್ಯಾನ್‌ಹಟನ್‌ನಲ್ಲಿ 96ನೇ ರಸ್ತೆಯ ದಕ್ಷಿಣಕ್ಕೆ ಮಾತ್ರ ಇದು ಅನ್ವಯಿಸುತ್ತದೆ.

ವಾರ್ಷಿಕ ಬಾಡಿಗೆ 2,50,000 ಡಾಲರ್ ಅಥವಾ ಹೆಚ್ಚಿದ್ದರೆ ತೆರಿಗೆಯ ಪ್ರಶ್ನೆ ಬರುತ್ತದೆ. ಬಾಡಿಗೆಯಲ್ಲಿ ಶೇ. 35ನ್ನು ಕಳೆದು, ಉಳಿದದ್ದರ ಮೇಲೆ ಶೇ. 6 ತೆರಿಗೆ. ಅಂದರೆ ನಿಜವಾದ ದರ ಶೇ. 3.9. 2018ರ ಜುಲೈ 1ರಿಂದ ಸಣ್ಣ ವ್ಯಾಪಾರಿಗಳಿಗೆ ರಿಯಾಯಿತಿ ಇದೆ: ಒಟ್ಟು ಆದಾಯ 50 ಲಕ್ಷ ಡಾಲರ್ ಮೀರದೆ, ಬಾಡಿಗೆ 5,00,000 ಡಾಲರ್‌ಗಿಂತ ಕಡಿಮೆ ಇದ್ದರೆ ತೆರಿಗೆ ಪೂರ್ತಿ ಮನ್ನಾ.

‘ಬಾಡಿಗೆ’ ಎಂದರೆ ಎಷ್ಟು?

ಮಾಲೀಕ ಕೊಡಬೇಕಾದ ಆಸ್ತಿ ತೆರಿಗೆ, ನೀರಿನ ಶುಲ್ಕ, ವಿಮೆಯನ್ನು ಕರಾರಿನ ಪ್ರಕಾರ ಬಾಡಿಗೆದಾರ ಕೊಟ್ಟರೆ ಅದೂ ಬಾಡಿಗೆಯೇ. ಒಂದು ದೊಡ್ಡ ಕಂಪನಿ 4,80,000 ಡಾಲರ್ ಬಾಡಿಗೆ ಕೊಟ್ಟು, ಮಾಲೀಕನ ಇಂಥ ಖರ್ಚಿಗೆ 1,20,000 ಡಾಲರ್ ಕೊಡುತ್ತದೆ ಎಂದುಕೊಳ್ಳಿ. ತೆರಿಗೆಯ ಲೆಕ್ಕಕ್ಕೆ ಬಾಡಿಗೆ 6,00,000. ತೆರಿಗೆ 23,400 ಡಾಲರ್. ಬರೀ 4,80,000 ಎಂದು ಬರೆದರೆ ತೆರಿಗೆ 18,720. ನಗರಕ್ಕೆ ಪ್ರತಿ ವರ್ಷ 4,680 ಡಾಲರ್ ಕಡಿಮೆ ಬರುತ್ತದೆ.

ನಗರವೇ ಮಾಲೀಕನಾದಾಗ

ನಗರದ ಕಟ್ಟಡಗಳಲ್ಲೂ ಉದ್ಯಾನಗಳಲ್ಲೂ ವ್ಯಾಪಾರ ನಡೆಯುತ್ತದೆ. ಸೆಂಟ್ರಲ್ ಪಾರ್ಕ್‌ನ ಹೆಸರಾಂತ ಹೋಟೆಲ್ ಟ್ಯಾವರ್ನ್ ಆನ್ ದಿ ಗ್ರೀನ್ ಇರುವ ಕಟ್ಟಡವೂ ನಗರದ್ದೇ. ಲೀಸ್ ಪಡೆದವರು ಮಾತ್ರವಲ್ಲ, ಲೈಸೆನ್ಸ್ ಅಥವಾ ಕನ್ಸೆಷನ್ ಪಡೆದವರೂ ಕಾನೂನಿನ ಕಣ್ಣಿಗೆ ಬಾಡಿಗೆದಾರರೇ. “ನಗರಕ್ಕೇ ಬಾಡಿಗೆ ಕೊಡುತ್ತಿದ್ದೇನಲ್ಲ, ಮತ್ತೆ ತೆರಿಗೆ ಏಕೆ?” ಎನ್ನುವಂತಿಲ್ಲ. ಬಾಡಿಗೆ ಜಾಗದ ಬೆಲೆ, ತೆರಿಗೆ ಕಾನೂನಿನ ಬಾಕಿ. ಎರಡೂ ಬೇರೆ ಬೇರೆ ಖಾತೆ.

ಇಲ್ಲೇ ಸಮಸ್ಯೆ. ಬಾಡಿಗೆಯ ಪುಸ್ತಕ ಉದ್ಯಾನ ಇಲಾಖೆಯಂಥ ಕಚೇರಿಗಳಲ್ಲಿದೆ. ತೆರಿಗೆಯ ಪುಸ್ತಕ ಹಣಕಾಸು ಇಲಾಖೆಯಲ್ಲಿದೆ. ಖಾಸಗಿ ಕಟ್ಟಡದ ಬಾಡಿಗೆಯನ್ನು ನಗರ ಬೇರೆಯವರಿಂದ ಕೇಳಿ ತಿಳಿಯಬೇಕು, ಆದರೆ ತನ್ನದೇ ಬಾಡಿಗೆದಾರರ ಬಾಡಿಗೆ ಅದಕ್ಕೆ ಮೊದಲೇ ಗೊತ್ತು. ಗೊತ್ತಿದ್ದೂ ಎರಡು ಪುಸ್ತಕ ಸೇರಿಸಿ ನೋಡದಿದ್ದರೆ, ಗೊತ್ತಿಲ್ಲದಂತೆಯೇ ಆಯಿತು.

ತಾಳೆ ನೋಡುವ ಕ್ರಮ ಹೀಗಿರಬಹುದು:

1. 96ನೇ ರಸ್ತೆಯ ದಕ್ಷಿಣಕ್ಕಿರುವ ನಗರದ ಬಾಡಿಗೆದಾರರ ಪಟ್ಟಿ ಮಾಡುವುದು.
2. ಅವರ ಹೆಸರು ತೆರಿಗೆ ರಿಟರ್ನ್‌ಗಳಲ್ಲಿ ಇದೆಯೇ ನೋಡುವುದು.
3. ಇದ್ದರೆ, ಎರಡೂ ಕಡೆ ಬರೆದ ಬಾಡಿಗೆ ಒಂದೇ ಆಗಿದೆಯೇ ನೋಡುವುದು.
4. ವ್ಯತ್ಯಾಸವಿದ್ದರೆ ಮೊದಲು ಕಾರಣ ಕೇಳುವುದು.

ನಾಲ್ಕನೆಯದು ಮುಖ್ಯ. ವ್ಯತ್ಯಾಸ ಇದೆ ಎಂದರೆ ಕಳ್ಳತನ ಎಂದಲ್ಲ. ಆತ ಸಣ್ಣ ವ್ಯಾಪಾರಿಯಾಗಿರಬಹುದು, ಅಥವಾ ಒಳಬಾಡಿಗೆಗೆ ಕೊಟ್ಟು ಆ ಮೊತ್ತ ಕಳೆದಿರಬಹುದು. ಚೆಕ್ ಇನ್ನೂ ಜಮಾ ಆಗದಿದ್ದರೆ ಪಾಸ್ ಬುಕ್‌ನಲ್ಲಿ ಕಡಿಮೆ ಕಾಣುತ್ತದಲ್ಲ, ಹಾಗೆ.

ಇಲಾಖೆಗಳು ಈ ಕೆಲಸ ಮಾಡುತ್ತಿವೆಯೇ ಎಂದು ಆಡಿಟ್ ಮಾಡುವ ಅಧಿಕಾರ ನಗರದ ಕಂಟ್ರೋಲರ್‌ಗೆ ಇದೆ. ಅವರನ್ನು ಮೇಯರ್ ನೇಮಿಸುವುದಿಲ್ಲ, ಜನರೇ ಚುನಾಯಿಸುತ್ತಾರೆ.

ನಮಗೇನು ಸಂಬಂಧ?

ನಮ್ಮಲ್ಲೂ 2018ರ ಜನವರಿ 25ರಿಂದ, ನಗರಸಭೆಯ ಮಳಿಗೆಯನ್ನು ಜಿಎಸ್‌ಟಿ ನೋಂದಣಿ ಇರುವ ವ್ಯಾಪಾರಿ ಬಾಡಿಗೆಗೆ ಪಡೆದರೆ, ಆ ಬಾಡಿಗೆಯ ಮೇಲಿನ ತೆರಿಗೆಯನ್ನು ರಿವರ್ಸ್ ಚಾರ್ಜ್‌ನಲ್ಲಿ ವ್ಯಾಪಾರಿಯೇ ಕಟ್ಟಬೇಕು. ಇಲ್ಲಿಯೂ ಬಾಡಿಗೆ ಒಂದು ಪುಸ್ತಕದಲ್ಲಿ, ತೆರಿಗೆ ಇನ್ನೊಂದರಲ್ಲಿ. ನಮ್ಮಲ್ಲಿ ಯಾರದಾದರೂ ಮನೆಯವರು ಇಂಥ ಮಳಿಗೆ ನಡೆಸುತ್ತಿದ್ದರೆ, ಬಾಡಿಗೆ ರಸೀದಿ ಮತ್ತು ರಿಟರ್ನ್ ಎರಡನ್ನೂ ಒಂದೇ ಫೈಲಿನಲ್ಲಿ ಇಡಲು ಹೇಳಿ. ತಾಳೆ ನೋಡದಿದ್ದರೆ ಸರಿಯಾಗಿ ಕಟ್ಟಿದವನಿಗೂ ಕಟ್ಟದವನಿಗೂ ವ್ಯತ್ಯಾಸವೇ ಉಳಿಯುವುದಿಲ್ಲ. ನಷ್ಟವಾಗುವುದು ಸರಿಯಾಗಿ ಕಟ್ಟಿದವನಿಗೆ.

ಅಭ್ಯಾಸ: ನ್ಯೂಯಾರ್ಕ್‌ನ ಈ ತೆರಿಗೆಯಲ್ಲಿ ವಾರ್ಷಿಕ ಬಾಡಿಗೆ 8,00,000 ಡಾಲರ್ ಇದ್ದರೆ ತೆರಿಗೆ ಎಷ್ಟು? (ಉತ್ತರ: 31,200 ಡಾಲರ್)