ವೇದಿಯ ಬಟ್ಟೆ ಒಗೆದು ಕಲಿತದ್ದು

ಅಮೆರಿಕದ ಎಪಿಸ್ಕೋಪಲ್ ಚರ್ಚಿನವರು ಬಳಸುವ 1979ರ ಪ್ರಾರ್ಥನಾ ಪುಸ್ತಕದ ಕೊನೆಯ ಭಾಗದಲ್ಲಿ ಪ್ರಶ್ನೋತ್ತರ ರೂಪದ ಧರ್ಮಬೋಧೆಯಿದೆ. ಸಭೆಯ ಸೇವಕರು ಯಾರು ಎಂಬ ಪ್ರಶ್ನೆಗೆ ಅಲ್ಲಿ ಕೊಟ್ಟಿರುವ ಪಟ್ಟಿಯಲ್ಲಿ ಬಿಷಪ್, ಪಾದ್ರಿ, ಡೀಕನ್ ಎಲ್ಲರಿಗಿಂತ ಮೊದಲು ನಿಲ್ಲುವವರು ಗುರುಪಟ್ಟವಿಲ್ಲದ ಸಾಮಾನ್ಯ ಸಭಿಕರು. ನಾನು ಬೆಂಗಳೂರಿನ ಸಿಎಸ್‌ಐ ಸಭೆಯಲ್ಲಿ ಬೆಳೆದವನು. ಕೆಲಸದ ನಿಮಿತ್ತ ಅಮೆರಿಕಕ್ಕೆ ಬಂದು, ಇಲ್ಲಿನ ನನ್ನ ಊರಿನ ಎಪಿಸ್ಕೋಪಲ್ ಸಭೆಯಲ್ಲಿ ಪಾಠ ಓದುತ್ತ, ಪಾನಪಾತ್ರೆ ಹಿಡಿಯುತ್ತ, ವೇದಿಯ ಬಟ್ಟೆ ಒಗೆಯುತ್ತ ಬಂದಿದ್ದೇನೆ. ನಾವು ಮಾಡುವುದು ಪಾದ್ರಿಗೆ ಕೈನೆರವಲ್ಲ, ನಮ್ಮ ಪಾಲಿನ ಆರಾಧನೆ ಎಂಬುದು ಈ ಕೆಲಸಗಳಲ್ಲೇ ನನಗೆ ಮನದಟ್ಟಾಯಿತು. ಹೊಸದಾಗಿ ಸೇವೆಗೆ ಬರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

1. ಪಾಠವನ್ನು ಮನೆಯಲ್ಲಿ ಗಟ್ಟಿಯಾಗಿ ಓದಿಕೊಂಡು ಬನ್ನಿ.

ಭಾನುವಾರದ ಪಾಠಗಳು ಮೂರು ವರ್ಷದ ಸುತ್ತಿನಲ್ಲಿ ಮೊದಲೇ ಗೊತ್ತಾಗಿರುತ್ತವೆ. ಹಳೆಯ ಒಡಂಬಡಿಕೆ, ಕೀರ್ತನೆ, ಪತ್ರಿಕೆಗಳನ್ನು ಸಭಿಕರು ಓದುತ್ತಾರೆ. ಸುವಾರ್ತೆಯನ್ನು ಡೀಕನ್ ಅಥವಾ ಪಾದ್ರಿ ಓದುತ್ತಾರೆ. ಪಾಠ ಮೊದಲೇ ಗೊತ್ತಿರುವಾಗ ಸಿದ್ಧತೆಗೆ ಹೊತ್ತು ಸಿಗಲಿಲ್ಲ ಎನ್ನುವಂತಿಲ್ಲ. ಕಣ್ಣಲ್ಲೇ ಓದಿಕೊಂಡರೆ ಸಾಲದು. ಪೌಲನ ವಾಕ್ಯಗಳು ಸಾಲುಗಟ್ಟಲೆ ಸಾಗುತ್ತವೆ, ಉಸಿರು ಎಲ್ಲಿ ಎಳೆದುಕೊಳ್ಳಬೇಕೆಂಬುದು ಬಾಯಿಗೇ ರೂಢಿಯಾಗಬೇಕು. ಪೆಂತೆಕೋಸ್ತಿನ ದಿನ ಓದುವ ಅಪೊಸ್ತಲರ ಕೃತ್ಯಗಳ ಪಾಠದಲ್ಲಿ ಪಾರ್ಥ್ಯರು, ಮೇದ್ಯರು, ಏಲಾಮ್ಯರು ಎಂದು ಶುರುವಾಗಿ ಜನಾಂಗಗಳ, ಸೀಮೆಗಳ ಹೆಸರು ಒಂದರ ಹಿಂದೊಂದು ಬರುತ್ತವೆ. ತಡವರಿಸದೆ ಹೇಳಿದರೆ ಅಷ್ಟು ದೂರದಿಂದ ಬಂದ ಜನ ಕಣ್ಣಿಗೆ ಕಟ್ಟುತ್ತಾರೆ. ಆ ದಿನ ಎಷ್ಟೋ ಸಭೆಗಳಲ್ಲಿ ಹಲವು ಭಾಷೆಗಳಲ್ಲಿ ಓದಿಸುವ ರೂಢಿಯಿದೆ. ನಮ್ಮಲ್ಲಿ ಕನ್ನಡದ ಪಾಲು ನನ್ನದು.

ನಮ್ಮ ಇಂಗ್ಲಿಷ್ ಉಚ್ಚಾರಣೆ ಇಲ್ಲಿಯವರಂತಿಲ್ಲ ಎಂದು ಹಿಂಜರಿಯುವ ನಮ್ಮವರನ್ನು ಬಹಳ ನೋಡಿದ್ದೇನೆ. ಅದು ತೊಡಕೇ ಅಲ್ಲ. ವಾಕ್ಯದ ಕೊನೆಯ ಪದ ನುಂಗದೆ ನಿಧಾನವಾಗಿ ಓದಿದರೆ ಹಿಂದಿನ ಬೆಂಚಿನಲ್ಲಿ ಕೂತ ವಯಸ್ಸಾದವರಿಗೂ ಕೇಳಿಸುತ್ತದೆ. ದನಿಯಲ್ಲಿ ನಾಟಕ ಬೇಡ. ಪಾಠ ಮುಗಿದ ಮೇಲೆ ತುಸು ಸುಮ್ಮನಿದ್ದು, ಆಮೇಲೆ ಮುಕ್ತಾಯದ ಮಾತು ಹೇಳಿ.

2. ಬಟ್ಟೆಯ ಕೆಲಸವನ್ನು ಕೀಳೆಂದು ತಿಳಿಯಬೇಡಿ.

ವೇದಿಯ ತಯಾರಿ ನೋಡಿಕೊಳ್ಳುವ ಬಳಗಕ್ಕೆ ಆಲ್ಟರ್ ಗಿಲ್ಡ್ ಎನ್ನುತ್ತಾರೆ. ಪಾನಪಾತ್ರೆಯ ಅಂಚು ಒರೆಸುವ ಸಣ್ಣ ಬಟ್ಟೆ ಪ್ಯೂರಿಫಿಕೇಟರ್. ಪಾತ್ರೆಗಳ ಕೆಳಗೆ ಹಾಸುವ ಚೌಕ ಕಾರ್ಪೊರಲ್. ಕಾರ್ಪೊರಲನ್ನು ಒಂಬತ್ತು ಚೌಕವಾಗುವಂತೆ, ಮೇಲ್ಭಾಗ ಒಳಗೆ ಬರುವಂತೆ ಮಡಿಸುತ್ತೇವೆ. ರೊಟ್ಟಿಯ ಚೂರು ಉಳಿದಿದ್ದರೆ ಅದು ನೆಲಕ್ಕೆ ಉದುರಬಾರದು ಎಂಬುದೇ ಕಾರಣ. ಪ್ಯೂರಿಫಿಕೇಟರನ್ನು ಸೋಪಿಗೆ ಹಾಕುವ ಮೊದಲು ಬರೀ ನೀರಿನಲ್ಲಿ ನೆನೆಸಿ ಜಾಲಿಸಬೇಕು. ಆ ನೀರು ಚರಂಡಿಗೆ ಹೋಗುವಂತಿಲ್ಲ, ಮಣ್ಣಿಗೇ ಸೇರಬೇಕು. ಹಳೆಯ ಚರ್ಚುಗಳ ವಸ್ತ್ರಕೋಣೆಯಲ್ಲಿ ಇದಕ್ಕೆಂದೇ ಪಿಸೀನಾ ಎಂಬ ತೊಟ್ಟಿಯಿರುತ್ತದೆ. ಅದರ ಕೊಳವೆ ನೇರವಾಗಿ ನೆಲಕ್ಕಿಳಿಯುತ್ತದೆ. ಅದಿಲ್ಲದ ಕಡೆ ಅಂಗಳದ ಗಿಡದ ಬುಡಕ್ಕೆ ಸುರಿಯುತ್ತೇವೆ. ಲಿಪ್‌ಸ್ಟಿಕ್ ಕಲೆಯನ್ನು ಕೈಯಲ್ಲೇ ಉಜ್ಜಿ ತೆಗೆಯಬೇಕು. ಲಿನನ್ ಇನ್ನೂ ಒದ್ದೆಯಿರುವಾಗಲೇ, ಕಸೂತಿಯ ಶಿಲುಬೆ ಚಪ್ಪಟೆಯಾಗದಂತೆ ಹಿಂಬದಿಯಿಂದ ಇಸ್ತ್ರಿ ಮಾಡಬೇಕು. ವೇದಿಯ ದೊಡ್ಡ ಹಾಸನ್ನು ನಾವು ಮಡಿಸುವುದಿಲ್ಲ, ಕೊಳವೆಗೆ ಸುತ್ತಿಡುತ್ತೇವೆ.

ಶನಿವಾರ ಮಧ್ಯಾಹ್ನ ಖಾಲಿ ಚರ್ಚಿನಲ್ಲಿ ಈ ಕೆಲಸ ಮಾಡುತ್ತ ನಾನು ಪ್ರಾರ್ಥಿಸಿದಷ್ಟು ಬೆಂಚಿನಲ್ಲಿ ಕೂತು ಪ್ರಾರ್ಥಿಸಿಲ್ಲ. ಬಹುತೇಕ ಕಡೆ ಇದನ್ನು ವಯಸ್ಸಾದ ಹೆಂಗಸರಿಗೇ ಬಿಟ್ಟಿದ್ದಾರೆ. ಅದು ಸರಿಯಲ್ಲ. ಗಂಡಸರೂ ಹುಡುಗರೂ ಇಸ್ತ್ರಿಪೆಟ್ಟಿಗೆ ಹಿಡಿಯಲಿ.

3. ಮೋಂಬತ್ತಿಗೂ ಕ್ರಮವಿದೆ.

ಜನರು ನೋಡುವಾಗ ವೇದಿಯ ಬಲಬದಿ ಪತ್ರಿಕೆಯದು, ಎಡಬದಿ ಸುವಾರ್ತೆಯದು. ಬಹಳ ಚರ್ಚುಗಳಲ್ಲಿ ಬಲಬದಿಯ ದೀಪ ಮೊದಲು ಹೊತ್ತಿಸಿ, ಕೊನೆಗೆ ಆರಿಸುತ್ತಾರೆ. ಮಕ್ಕಳಿಗೆ ಕ್ರಮದ ಜೊತೆಗೆ ಕಾರಣವನ್ನೂ ಹೇಳಿ: ಸುವಾರ್ತೆ ಎಂದೂ ಒಂಟಿಯಾಗಿ ಉರಿಯಬಾರದು ಎಂಬುದು ಹಿರಿಯರ ವಿವರಣೆ.

4. ಪಾನಪಾತ್ರೆ ಹಿಡಿದಾಗ ಎದುರಿಗಿರುವವರ ಕೈ ನೋಡಿ.

ಇದಕ್ಕೆ ಬಿಷಪ್ಪರ ಅನುಮತಿಪತ್ರ ಬೇಕು, ತರಬೇತಿಯೂ ಬೇಕು. ಮೊಣಕಾಲೂರಿದವರು ಪಾತ್ರೆಯ ಬುಡ ಹಿಡಿದು ತಾವೇ ತುಟಿಗೆ ತಂದುಕೊಳ್ಳುತ್ತಾರೆ. ನೀವು ಬಿಡದೆ ಹಿಡಿದಿರಿ, ಬಗ್ಗಿಸುವುದನ್ನು ಅವರಿಗೆ ಬಿಡಿ. ಪ್ರತಿಯೊಬ್ಬರ ನಂತರ ಅಂಚನ್ನು ಒಳಗೂ ಹೊರಗೂ ಒರೆಸಿ ಪಾತ್ರೆಯನ್ನು ಸ್ವಲ್ಪ ತಿರುಗಿಸಿ. ಎದೆಯ ಮೇಲೆ ಕೈ ಅಡ್ಡ ಕಟ್ಟಿಕೊಂಡವರಿಗೆ ದ್ರಾಕ್ಷಾರಸ ಬೇಡ ಎಂದರ್ಥ. ಮದ್ಯದ ಚಟದಿಂದ ಹೊರಬಂದವರು ಅವರಲ್ಲಿರಬಹುದು, 2020ರ ಸೋಂಕಿನ ಕಾಲದಿಂದ ಒಂದೇ ಪಾತ್ರೆಗೆ ಅಂಜುವವರೂ ಇರಬಹುದು. ಹುಬ್ಬೇರಿಸದೆ ಮುಂದೆ ಹೋಗಿ. ರೊಟ್ಟಿಯೊಂದನ್ನೇ ಸ್ವೀಕರಿಸಿದರೂ ಪ್ರಭುಭೋಜನ ಪೂರ್ಣ ಎಂಬುದು ಈ ಸಭೆಯ ಬೋಧನೆ.

5. ವಿಜ್ಞಾಪನೆಯಲ್ಲಿ ಹೆಸರುಗಳೇ ಮುಖ್ಯ.

ಜನರ ಪ್ರಾರ್ಥನೆಗೆ ಪುಸ್ತಕದಲ್ಲಿ ಆರು ಮಾದರಿಗಳಿವೆ, ಸ್ವಂತವಾಗಿ ರಚಿಸಲೂ ಅವಕಾಶವಿದೆ. ಆದರೆ ಸಭೆ, ನಾಡು, ಲೋಕ, ಊರು, ಕಷ್ಟದಲ್ಲಿರುವವರು, ತೀರಿಕೊಂಡವರು ಈ ಯಾವ ವಿಷಯವೂ ಬಿಟ್ಟುಹೋಗಬಾರದು. ದೇವರಿಗೆ ವಾರದ ಸುದ್ದಿ ಒಪ್ಪಿಸುವ ಧಾಟಿ ನನಗೆ ಒಪ್ಪಿಗೆಯಿಲ್ಲ. ಕಾಯಿಲೆಯಾದವರ ಹೆಸರು ಓದುವ ಮುನ್ನ ಅವರನ್ನೋ ಮನೆಯವರನ್ನೋ ಕೇಳಿ. ಬಹಿರಂಗವಾಗುವುದು ಎಲ್ಲರಿಗೂ ಬೇಕಿರುವುದಿಲ್ಲ. ಹೆಸರನ್ನು ಹೇಗೆ ಹೇಳಬೇಕೆಂದೂ ಕೇಳಿಕೊಳ್ಳಿ. ತಂದೆಯನ್ನು ಕಳೆದುಕೊಂಡ ಮಗಳಿಗೆ ಆ ಹೆಸರು ಸರಿಯಾಗಿ ಕೇಳಿಸಬೇಕು.

6. ಪಕ್ಕದವರ ಮೊಣಕಾಲು ನಿಮ್ಮ ಲೆಕ್ಕವಲ್ಲ.

ಬೋಧನೆ ಕೇಳಲು ಕೂರುವುದು, ಹಾಡಲು ನಿಲ್ಲುವುದು, ಪ್ರಾರ್ಥನೆಗೆ ಮೊಣಕಾಲೂರುವುದು ಹಳೆಯ ವಾಡಿಕೆ. ಈಸ್ಟರ್ ಕಾಲದುದ್ದಕ್ಕೂ ನಿಂತೇ ಪ್ರಾರ್ಥಿಸುವವರಿದ್ದಾರೆ. ಶಿಲುಬೆ ಗುರುತು ಹಾಕಿಕೊಳ್ಳುವವರೂ ಹಾಕದವರೂ ಒಂದೇ ಬೆಂಚಿನಲ್ಲಿರುತ್ತಾರೆ. ಪುಸ್ತಕದ ಸೂಚನೆಗಳಲ್ಲಿ ಕಡ್ಡಾಯ ಯಾವುದು, ಐಚ್ಛಿಕ ಯಾವುದು ಎಂದು ಓದಿ ತಿಳಿದುಕೊಳ್ಳಿ. ಸಭೆಯ ಅರ್ಧ ಜಗಳ ಅಲ್ಲೇ ತೀರುತ್ತದೆ. ಬಾಗಿಲಲ್ಲಿ ನಿಲ್ಲುವ ಸ್ವಯಂಸೇವಕರಿಗೆ ಒಂದು ಮಾತು: ಹೊಸಬರ ಕೈಗೆ ಪ್ರಾರ್ಥನಾ ಪುಸ್ತಕ, ಹಾಡಿನ ಪುಸ್ತಕ ಕೊಟ್ಟು ಕಳಿಸಿಬಿಡಬೇಡಿ, ಆರಾಧನೆ ಶುರುವಾಗುವ ಪುಟ ತೆರೆದು ಕೊಡಿ. ಕಾಣಿಕೆ ಎಣಿಸುವಾಗ ಯಾವಾಗಲೂ ಇಬ್ಬರಿರಲಿ, ಒಂದೇ ಮನೆಯವರು ಬೇಡ.

7. ಸಮಾಧಾನ ಹಂಚುವುದನ್ನು ಅವಸರಿಸಬೇಡಿ.

ನಾನು ಬೆಳೆದ ಸಿಎಸ್‌ಐ, ಅಂದರೆ ದಕ್ಷಿಣ ಭಾರತ ಸಭೆ, 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕೆಥೀಡ್ರಲಿನಲ್ಲಿ ಆರಂಭವಾಯಿತು. ಅದರ 1950ರ ಪ್ರಭುಭೋಜನ ಕ್ರಮದಲ್ಲಿ ಸಮಾಧಾನವನ್ನು ಕೈಯಿಂದ ಕೈಗೆ ದಾಟಿಸುವ ಹಳೆಯ ಪದ್ಧತಿ ಮತ್ತೆ ಬಂತು: ಕೊಡುವವರ ಬಲ ಅಂಗೈ ಪಡೆಯುವವರ ಬಲ ಅಂಗೈಗೆ, ಇಬ್ಬರ ಎಡಗೈಯೂ ಅದರ ಮೇಲೆ. ಪಶ್ಚಿಮದ ಸಭೆಗಳು ಮುಂದೆ ತಮ್ಮ ಆರಾಧನಾ ಕ್ರಮ ಪರಿಷ್ಕರಿಸುವಾಗ ಈ ಕ್ರಮದಿಂದ ಕಲಿತವು. ಎಪಿಸ್ಕೋಪಲ್ ಚರ್ಚಿನ 1979ರ ಪುಸ್ತಕದಲ್ಲೂ ಸಮಾಧಾನಕ್ಕೆ ಜಾಗವಿದೆ. ಇಲ್ಲಿ ಅದು ಕೆಲವೊಮ್ಮೆ ಹರಟೆಯಾಗಿ ಚದುರುವುದು ನನಗೆ ನೋವಿನ ಸಂಗತಿ. ಯಾರೊಂದಿಗೆ ಮಾತು ಬಿಟ್ಟಿದ್ದೀರೋ ಅವರ ಕಡೆಗೇ ಮೊದಲು ಹೋಗಿ.

8. ಬರಲಾಗದವರನ್ನು ಮರೆಯಬೇಡಿ.

ಆರಾಧನೆ ಮುಗಿಯುತ್ತಿದ್ದಂತೆ ಅದೇ ವೇದಿಯಿಂದ ರೊಟ್ಟಿ, ದ್ರಾಕ್ಷಾರಸಗಳನ್ನು ಪುಟ್ಟ ಪೆಟ್ಟಿಗೆಯಲ್ಲಿಟ್ಟುಕೊಂಡು ಹಾಸಿಗೆ ಹಿಡಿದವರ ಮನೆಗೆ ಹೋಗುವ ಸೇವೆಯಿದೆ. ಇದಕ್ಕೂ ಬಿಷಪ್ಪರ ಅನುಮತಿ ಬೇಕು. ನಾನು ಹೋಗುವ ಮನೆಯ ಒಬ್ಬ ಅಜ್ಜಿ ಪೆಟ್ಟಿಗೆ ತೆರೆಯುವ ಮುಂಚೆ ಇವತ್ತು ಯಾವ ಹಾಡು ಹಾಡಿದಿರಿ, ಯಾರು ಓದಿದರು, ಹೂವು ಯಾರ ಮನೆಯದು ಎಂದು ಒಂದೊಂದಾಗಿ ಕೇಳುತ್ತಾರೆ. ಅದಕ್ಕೇ ಆ ವಾರದ ಆರಾಧನಾ ಪತ್ರಿಕೆಯನ್ನು ತಪ್ಪದೆ ಒಯ್ಯುತ್ತೇನೆ. ಗಡಿಯಾರ ನೋಡುತ್ತ ಮಾಡುವ ಭೇಟಿ ಇದಲ್ಲ.

ಅಮೆರಿಕದಲ್ಲಿ ಎಪಿಸ್ಕೋಪಲ್ ಸಭೆಗೆ ಹೋಗುತ್ತಿರುವ ಕನ್ನಡಿಗರೇ, ಹಿಂದಿನ ಬೆಂಚಿನಲ್ಲೇ ಉಳಿಯಬೇಡಿ. ಮುಂದಿನ ಭಾನುವಾರ ಕಾಫಿಯ ಹೊತ್ತಿನಲ್ಲಿ ಪಾದ್ರಿಯವರನ್ನು ಕಂಡು ಪಾಠ ಓದುವವರ ಪಟ್ಟಿಗೆ ಹೆಸರು ಕೊಡಿ. ಓದಲು ಅಳುಕಿದ್ದರೆ ಶನಿವಾರ ಬಟ್ಟೆಯ ಕೆಲಸಕ್ಕೆ ಬನ್ನಿ. ಅಲ್ಲಿ ಜನ ಯಾವಾಗಲೂ ಸಾಲದು.